ಪ್ರೀಮಿಯಂ ಮೂರು ತಿಂಗಳು ಮನ್ನಾ ಅಂತೆ, ನಿಜಾನಾ?

ಕೊಬ್ಬರಿ ಹುಡುಗ, ತಿಪಟೂರು
27 ಮಾರ್ಚ್ 2020, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 63 ವರ್ಷ, ಹನ್ನೊಂದು ವರ್ಷದಿಂದ ಶುಗರ್ ಇದೆ. ಅಪ್ಪ-ಅಮ್ಮ ಇಬ್ಬರಿಗೂ ಸೇರಿ 5 ಲಕ್ಷದ ಆರೋಗ್ಯ ವಿಮೆ ಮಾಡಿಸಿದ್ದೀವಿ. ಏಪ್ರಿಲ್ 3ಕ್ಕೆ ರಿನ್ಯೂವಲ್, 28,400 ರೂಪಾಯಿ ಕಟ್ಟಬೇಕು. ಎಪಿಎಂಸಿ ಮುಚ್ಚಿದೆ, ಕೊಬ್ಬರಿ ಗೋಡೌನಲ್ಲೇ ಕೂತಿದೆ, ವ್ಯಾಪಾರಿಗಳಿಂದ ಬರಬೇಕಾದ ದುಡ್ಡು ಬಂದಿಲ್ಲ. ಇಷ್ಟರಲ್ಲಿ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಂದು ಮೆಸೇಜ್ ಬಂತು: ಕೊರೋನಾ ಕಾರಣಕ್ಕೆ ಎಲ್ಲಾ ವಿಮೆ ಪ್ರೀಮಿಯಂ ಮೂರು ತಿಂಗಳು ಮನ್ನಾ. ಅಪ್ಪ ಆಗಲೇ ಖುಷಿಯಲ್ಲಿದ್ದಾರೆ. ನನಗೆ ನಂಬಿಕೆ ಬರ್ತಿಲ್ಲ. ಗೊತ್ತಿರೋರು ಹೇಳಿ.

ವಿಮೆ ಮಾವ, ಮೈಸೂರು
27 ಮಾರ್ಚ್ 2020, ರಾತ್ರಿ 10:15

ನಂಬದೇ ಇದ್ದದ್ದು ಒಳ್ಳೇದಾಯ್ತು. ಇವತ್ತು ಬೆಳಗ್ಗೆ ರಿಸರ್ವ್ ಬ್ಯಾಂಕು ಸಾಲದ ಕಂತಿಗೆ ಮೂರು ತಿಂಗಳ ಬಿಡುವು ಹೇಳಿತಲ್ಲ, ಅದನ್ನೇ ಯಾರೋ ಪುಣ್ಯಾತ್ಮರು ಪ್ರೀಮಿಯಂಗೆ ಅಂಟಿಸಿದ್ದಾರೆ. ಸಾಲದ್ದೂ ಮನ್ನಾ ಅಲ್ಲ, ಮುಂದಕ್ಕೆ ಹಾಕಿರೋದು. ಬಡ್ಡಿ ಓಡ್ತಾನೇ ಇರತ್ತೆ.

ವಿಮೆ ವಿಷಯಕ್ಕೆ ಬಂದ್ರೆ, ಇದೇ 23ನೇ ತಾರೀಖು ಐಆರ್‌ಡಿಎಐ (ವಿಮಾ ಕಂಪನಿಗಳ ಮೇಲಿನ ಸರ್ಕಾರಿ ನಿಯಂತ್ರಣ ಸಂಸ್ಥೆ) ಕಂಪನಿಗಳಿಗೆ ಎರಡು ಮಾತು ಹೇಳಿದೆ. ಜೀವವಿಮೆಗೆ ಮಾಮೂಲಿ ಗ್ರೇಸ್, ಅಂದ್ರೆ ತಾರೀಖು ದಾಟಿದ್ಮೇಲೂ ಕಟ್ಟೋಕೆ ಸಿಗೋ ದಿನಗಳ ಮೇಲೆ ಇನ್ನೂ 30 ದಿನ ಕೊಡಿ. ಆರೋಗ್ಯ ವಿಮೆ 30 ದಿನ ತಡವಾಗಿ ಕಟ್ಟಿದ್ರೂ ಪಾಲಿಸಿ ತುಂಡಾಯ್ತು ಅಂತ ಹಿಡೀಬೇಡಿ. ಇಷ್ಟೇ. ತುಂಡಾಗದೇ ಇರೋದು ಬೇರೆ, ಆ ದಿನಗಳಲ್ಲಿ ಆಸ್ಪತ್ರೆ ಸೇರಿದ್ರೆ ದುಡ್ಡು ಕೊಡೋದು ಬೇರೆ. ಆ ಎರಡನೇದನ್ನ ಅದ್ರಲ್ಲಿ ಎಲ್ಲೂ ಹೇಳಿಲ್ಲ. ಅಪ್ಪನಿಗೆ ಶುಗರ್ ಇದೆ ಅಂತೀರಿ. ಹೇಗಾದ್ರೂ ಮಾಡಿ 3ರ ಒಳಗೆ ಕಟ್ಟಿಬಿಡಿ.

ನಾನು ಇಪ್ಪತ್ತೆರಡು ವರ್ಷದಿಂದ ಏಜೆಂಟ್. ಇದನ್ನ ಹೇಳಿದ್ರೆ ‘ನಿಮಗೆ ಕಮಿಷನ್ ಬರತ್ತಲ್ಲ, ಹೇಳ್ತೀರಿ’ ಅಂತಾರೆ. ಅನ್ನಲಿ.

ಮನೆಮದ್ದು
27 ಮಾರ್ಚ್ 2020, ರಾತ್ರಿ 10:50

ವಿಮೆ ಗಿಮೆ ಯಾಕೆ ಬೇಕು. ದಿನಾ ಬೆಳಗ್ಗೆ ಶುಂಠಿ, ಮೆಣಸು, ಅರಿಶಿನ, ಬೆಲ್ಲ ಹಾಕಿ ಕಷಾಯ ಕುಡಿಸಿ. ನಮ್ಮ ಮನೇಲಿ ಆರು ಜನ, ಒಬ್ಬರಿಗೂ ಶೀತ ಇಲ್ಲ.

ತಾಲೂಕು ಆಸ್ಪತ್ರೆ ಸಿಸ್ಟರ್
27 ಮಾರ್ಚ್ 2020, ರಾತ್ರಿ 11:30

ಈಗ ಡ್ಯೂಟಿ ಮುಗಿಸಿ ಬಂದೆ. ಕಷಾಯ ಕುಡೀರಿ, ಬೇಡ ಅನ್ನಲ್ಲ, ನಾನೂ ಕುಡೀತೀನಿ, ಗಂಟಲಿಗೆ ಹಿತ. ಅದು ವೈರಸ್ ತಡೆಯಲ್ಲ. ಮತ್ತೆ ಶುಗರ್ ಇರೋರಿಗೆ ದಿನಾ ಬೆಲ್ಲದ ಕಷಾಯ ಕುಡಿಸಿ ಅಂತ ದಯವಿಟ್ಟು ಹೇಳಬೇಡಿ. ಇವತ್ತೇ ಒಬ್ಬ ಅಜ್ಜ 380 ಶುಗರ್ ಇಟ್ಕೊಂಡು ಬಂದಿದ್ರು. ಕೇಳಿದ್ರೆ ವಾರದಿಂದ ಮೂರು ಹೊತ್ತು ಕಷಾಯ.

ತಿಪಟೂರಿನ ತಮ್ಮಾ, ನಿಮ್ಮಪ್ಪನ ಮಾತ್ರೆ ಒಂದು ತಿಂಗಳಿಗಾಗುವಷ್ಟು ಮನೇಲಿದೆಯಾ? ಮೊದಲು ಅದನ್ನ ನೋಡು. ಲಾಕ್‌ಡೌನ್ ಅಂತ ಬಿಪಿ, ಶುಗರ್ ಮಾತ್ರೆ ಬಿಟ್ಟವರೇ ನಮ್ಮಲ್ಲಿಗೆ ಈಗ ಜಾಸ್ತಿ ಬರ್ತಿರೋದು. ಅಪ್ಪ ಅಮ್ಮ ಗಾಳಿ ಆಡೋ ರೂಮಲ್ಲಿ ಮಲಗಲಿ. ಹೊರಗೆ ಹೋಗಿ ಬರೋದು ಮನೇಲಿ ಒಬ್ಬರೇ ಆಗಲಿ. ಅವರು ಬಂದ ತಕ್ಷಣ ಸೋಪು ಹಾಕಿ ಇಪ್ಪತ್ತು ಸೆಕೆಂಡ್ ಕೈ ತೊಳೀಲಿ. ಸ್ಯಾನಿಟೈಸರ್ ಸಿಗದಿದ್ರೆ ಒದ್ದಾಡೋದು ಬೇಡ, ಹಸಿರು ಲೈಫ್‌ಬಾಯ್ ಸಾಕು. ಸ್ಯಾನಿಟೈಸರ್ ಇದ್ರೆ ಒಲೆ ಹತ್ರ ಹಚ್ಕೋಬೇಡಿ. ಅದ್ರಲ್ಲಿ ಆಲ್ಕೋಹಾಲ್ ಇರತ್ತೆ, ಕೈಗೆ ಬೆಂಕಿ ಹತ್ತಿಕೊಳ್ಳತ್ತೆ. ತರಕಾರಿಗೆ ಸೋಪು ಹಾಕಬೇಡಿ, ಬರೀ ನೀರಲ್ಲಿ ತೊಳೀರಿ.

ಗಿರಮಿಟ್, ಹುಬ್ಬಳ್ಳಿ
28 ಮಾರ್ಚ್ 2020, ಬೆಳಿಗ್ಗೆ 7:05

ಮಾವಾರ, ನಂದೊಂದ್ ಸಮಸ್ಯೆ ಐತ್ರಿ. ನಮ್ಮ ಮನಿ ಮೆಡಿಕ್ಲೇಮ್ ಮಾರ್ಚ್ 22ಕ್ಕ ಮುಗದೈತಿ. ಅದ ಜನತಾ ಕರ್ಫ್ಯೂ ದಿನಾನ. ಎಲ್ಲಾರೂ ತಾಟು ಬಡಿಯೂದ್ರಾಗ ಇದ್ವಿ, ಪಾಲಿಸಿ ನೆನಪs ಆಗಲಿಲ್ಲ. ಈಗ ನನಗೇನ್ ಆಗತೈತ್ರಿ?

ವಿಮೆ ಮಾವ, ಮೈಸೂರು
28 ಮಾರ್ಚ್ 2020, ಬೆಳಿಗ್ಗೆ 8:20

ಇವತ್ತೇ ಆನ್‌ಲೈನಲ್ಲಿ ಕಟ್ಟಿ. ಆರು ದಿನ ಆಯ್ತು, ಗ್ರೇಸ್ ಒಳಗೇ ಇದ್ದೀರಿ, ಹಳೇ ಕಾಯಿಲೆಗಳಿಗೆ ದುಡ್ಡು ಸಿಗೋಕೆ ಕಾಯಬೇಕಾದ ಅವಧಿ (ವೇಟಿಂಗ್ ಪೀರಿಯಡ್) ಮತ್ತೆ ಮೊದಲಿಂದ ಶುರು ಆಗಲ್ಲ. ಆದ್ರೆ ಈ ಆರು ದಿನ ನೀವು ಕೊಡೆ ಇಲ್ಲದೆ ಮಳೇಲಿ ನಿಂತಿದ್ರಿ ಅಂತ ತಿಳ್ಕೊಳ್ಳಿ. ನೆನೀಲಿಲ್ಲ, ಅದೃಷ್ಟ.

ಗಿರಮಿಟ್, ಹುಬ್ಬಳ್ಳಿ
28 ಮಾರ್ಚ್ 2020, ಬೆಳಿಗ್ಗೆ 11:40

ರೊಕ್ಕ ಸಂಬಳ ಬಂದ ಮ್ಯಾಲೆ ಕಟ್ಟತೀನ್ರಿ. ಮನಿ ಬಿಟ್ಟು ಎಲ್ಲಿ ಹೊಂಟೀವಿ ನಾವು.

ಲೆಕ್ಕಿಗ, ಬಸವನಗುಡಿ
2 ಏಪ್ರಿಲ್ 2020, ಸಂಜೆ 6:30

ಈ ಚರ್ಚೆ ಓದ್ತಿರೋರಿಗೆ: ಆದೇಶ ಬಂದಿದೆ. ಹಣಕಾಸು ಸಚಿವಾಲಯದ ಅಧಿಸೂಚನೆ ಪೂರ್ತಿ ಓದಿದೆ, ನನ್ನ ಮಾತಲ್ಲಿ ಹೇಳ್ತೀನಿ.

ಮಾರ್ಚ್ 25ರಿಂದ ಏಪ್ರಿಲ್ 14ರ ಒಳಗೆ ರಿನ್ಯೂವಲ್‌ಗೆ ಬರೋ ಆರೋಗ್ಯ ವಿಮೆ ಮತ್ತು ವಾಹನದ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಯ) ವಿಮೆಗೆ ಏಪ್ರಿಲ್ 21ರವರೆಗೆ ದುಡ್ಡು ಕಟ್ಟಬಹುದು. ಕಟ್ಟಿದ್ರೆ ರಕ್ಷಣೆ ರಿನ್ಯೂವಲ್ ತಾರೀಖಿನಿಂದಲೇ ಲೆಕ್ಕ, ಮಧ್ಯೆ ಒಂದು ದಿನವೂ ಖಾಲಿ ಬೀಳಲ್ಲ.

ಇದು ಯಾಕೆ ದೊಡ್ಡದು ಅಂದ್ರೆ, ವಿಮಾ ಕಾಯ್ದೆಯಲ್ಲಿ 64ವಿಬಿ ಅಂತ ಒಂದು ಕಲಂ ಇದೆ. ಪ್ರೀಮಿಯಂ ಕೈಗೆ ಬರೋವರೆಗೂ ಕಂಪನಿ ಅಪಾಯ ಹೊತ್ಕೊಳ್ಳೋ ಹಾಗಿಲ್ಲ ಅನ್ನೋದು ಅದರ ತಿರುಳು. ಮೊದಲು ಕಾಸು, ಆಮೇಲೆ ಕವರ್. ಕಂಪನಿಗೆ ಮನಸ್ಸಿದ್ರೂ ಸಾಲದ ಮೇಲೆ ವಿಮೆ ಕೊಡೋಕೆ ಬರಲ್ಲ. ಅದಕ್ಕೇ ಕಂಪನಿಗಳಿಗೆ ಬಂದ ಆ 23ರ ಸುತ್ತೋಲೆ ಸಾಲದೆ ಸರ್ಕಾರವೇ ನಿಯಮ ತಿದ್ದಬೇಕಾಯ್ತು.

ತಿಪಟೂರಿನವರು ಇದರ ಒಳಗೆ ಬರ್ತಾರೆ. ಹುಬ್ಬಳ್ಳಿಯವರು ಬರಲ್ಲ. 22ಕ್ಕೂ 25ಕ್ಕೂ ಮೂರೇ ದಿನ. ತಮಾಷೆ ನೋಡಿ: ಅವರ ಮಾಮೂಲಿ 30 ದಿನದ ಗ್ರೇಸ್ ಮುಗಿಯೋದೂ ಏಪ್ರಿಲ್ 21ಕ್ಕೇ. ಕೊನೇ ದಿನ ಇಬ್ಬರಿಗೂ ಒಂದೇ. ಆದ್ರೆ 15ನೇ ತಾರೀಖು ಇಬ್ಬರೂ ಆಸ್ಪತ್ರೆ ಸೇರಿ, ಆಮೇಲೆ 20ಕ್ಕೆ ದುಡ್ಡು ಕಟ್ಟಿದ್ರೆ ಒಬ್ಬರ ಬಿಲ್ಲು ಕಂಪನಿಗೆ, ಇನ್ನೊಬ್ಬರದ್ದು ಅವರ ಜೇಬಿಗೆ.

ಗಿರಮಿಟ್, ಹುಬ್ಬಳ್ಳಿ
2 ಏಪ್ರಿಲ್ 2020, ಸಂಜೆ 6:52

ಇದನ್ನ ಓದಿ ಎದಿ ಝಲ್ ಅಂತು. ಈಗ ಕಟ್ಟಿದೆ. ರಸೀದಿ ಬಂತು. ಹೆಂಡ್ತಿ ಕೇಳಿದ್ಲು, ಹನ್ನೊಂದು ದಿನ ಸುಮ್ನ ಯಾಕ ಕುಂತಿದ್ದಿ ಅಂತ. ಉತ್ತರ ಇಲ್ರೀ.

ದುಬೈ ಕುಂದಾಪ್ರ
3 ಏಪ್ರಿಲ್ 2020, ಬೆಳಿಗ್ಗೆ 10:10

ನನ್ನದೊಂದು ಪ್ರಶ್ನೆ ಉಂಟು. ಅಪ್ಪ ಅಮ್ಮ ಊರಲ್ಲಿ, ನಾನಿಲ್ಲಿ ರೂಮಿನೊಳಗೆ. ವಿಮಾನ ನಿಂತು ಹೋಯ್ತು. ಅವರ ಪಾಲಿಸಿ ಏಪ್ರಿಲ್ 10ಕ್ಕೆ. ಕಂಪನಿ ಆ್ಯಪಲ್ಲಿ ಹಾಕಿದ್ರೆ ಒಟಿಪಿ ಅಪ್ಪನ ಮೊಬೈಲಿಗೆ ಹೋಗ್ತದೆ. ಅವರು ಫೋನಲ್ಲಿ ಅದನ್ನು ಓದಿ ಹೇಳುವಷ್ಟರಲ್ಲಿ ಟೈಮ್ ಮುಗೀತದೆ ಮಾರಾಯ್ರೆ. ಮೂರು ಸಲ ಆಯ್ತು. ಎಂತ ಮಾಡುದು?

ವಿಮೆ ಮಾವ, ಮೈಸೂರು
3 ಏಪ್ರಿಲ್ 2020, ಬೆಳಿಗ್ಗೆ 10:35

ಲಾಗಿನ್ ಆಗೋ ದಾರಿ ಬಿಡಿ. ಹೆಚ್ಚಿನ ಕಂಪನಿಗಳ ಜಾಲತಾಣದಲ್ಲಿ ‘ಕ್ವಿಕ್ ರಿನ್ಯೂವಲ್’ ಅಂತ ಇರತ್ತೆ. ಪಾಲಿಸಿ ನಂಬರು, ಹುಟ್ಟಿದ ದಿನ ಹಾಕಿದ್ರೆ ಕಟ್ಟೋ ಪುಟ ತೆರ್ಕೊಳ್ಳತ್ತೆ. ನಿಮ್ಮ ಇಲ್ಲಿನ ಬ್ಯಾಂಕ್ ಖಾತೆಯಿಂದಲೇ ಕಟ್ಟಿ, ಒಟಿಪಿ ನಿಮಗೇ ಬರತ್ತೆ. ರಸೀದಿ ಅಪ್ಪನಿಗೆ ವಾಟ್ಸಾಪ್ ಮಾಡಿ, ಪಕ್ಕದ ಮನೆಯವರಿಗೂ ಒಂದು ಕಳಿಸಿ. ರಾತ್ರಿ ಹೊತ್ತು ಆಸ್ಪತ್ರೆಗೆ ಕರ್ಕೊಂಡು ಹೋಗೋರು ಅವರೇ ತಾನೆ.

ತಾಲೂಕು ಆಸ್ಪತ್ರೆ ಸಿಸ್ಟರ್
3 ಏಪ್ರಿಲ್ 2020, ರಾತ್ರಿ 9:15

ಇದು ಬಹಳ ಮುಖ್ಯ. ಒಂದು ಪ್ಲಾಸ್ಟಿಕ್ ಕವರ್ ಮಾಡಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ. ವಿಮೆ ಕಾರ್ಡು, ಆಧಾರ್, ಈಗ ತಗೋತಿರೋ ಮಾತ್ರೆಗಳ ಚೀಟಿ, ಹಳೇ ಇಸಿಜಿ, ಒಂದು ಚಾರ್ಜರ್. ಮಾತ್ರೆ ಹೆಸರು ಕೇಳಿದ್ರೆ ‘ಬಿಳೀದೊಂದು, ಚಿಕ್ಕದೊಂದು’ ಅಂತಾರೆ ಬಂದೋರು. ನಮ್ಮ ಹತ್ರ ಎಲ್ಲಾ ಮಾತ್ರೆನೂ ಬಿಳೀದೇ.

ಕೊಬ್ಬರಿ ಹುಡುಗ, ತಿಪಟೂರು
4 ಏಪ್ರಿಲ್ 2020, ಮಧ್ಯಾಹ್ನ 1:20

ಮಾವ, 21ರವರೆಗೆ ಟೈಮ್ ಇದೆ ಅಂತಾದ್ಮೇಲೆ ಸ್ವಲ್ಪ ಕಾಯ್ತೀನಿ. ಕೈಯಲ್ಲಿ 9,000 ಇದೆ, ದಿನಸಿ ತರಬೇಕು. ಬಾಯಿ ಬಿಟ್ಟು ಕೇಳ್ತೀನಿ, ಸರ್ಕಾರ ಇಷ್ಟು ಮಾಡಿದ್ದು, ಆ ಜಿಎಸ್‌ಟಿ ಆದ್ರೂ ಬಿಡಬಾರದಿತ್ತಾ?

ಲೆಕ್ಕಿಗ, ಬಸವನಗುಡಿ
4 ಏಪ್ರಿಲ್ 2020, ಮಧ್ಯಾಹ್ನ 2:00

ಶೇ 18. ನಿಮ್ಮ 28,400ರಲ್ಲಿ 4,332 ರೂಪಾಯಿ ತೆರಿಗೆನೇ. ಕಾಯಿಲೆ ಬಂದ್ರೆ ಅಂತ ಭಯಪಟ್ಟು ಕಟ್ಟೋ ದುಡ್ಡಿನ ಮೇಲೆ ಈ ದರ ಹಾಕೋದು ನನ್ನ ಪ್ರಕಾರ ಸರಿಯಲ್ಲ, ಎಷ್ಟೋ ಸಲ ಬರೆದಿದ್ದೀನಿ. ಸದ್ಯಕ್ಕೆ ಬಿಟ್ಟಿಲ್ಲ.

ಒಂದು ಸಣ್ಣ ಅನುಕೂಲ ಇದೆ. ಕಳೆದ ಆರ್ಥಿಕ ವರ್ಷದ 80ಡಿ (ಆರೋಗ್ಯ ವಿಮೆ ಕಟ್ಟಿದ್ದಕ್ಕೆ ಸಿಗೋ ಆದಾಯ ತೆರಿಗೆ) ವಿನಾಯಿತಿಗೆ ದುಡ್ಡು ಕಟ್ಟೋ ಗಡುವನ್ನ ಜೂನ್ 30ಕ್ಕೆ ಹಾಕಿದ್ದಾರೆ. 60 ದಾಟಿದ ತಂದೆ ತಾಯಿಗೆ ಕಟ್ಟಿದ್ದಕ್ಕೆ 50,000ದವರೆಗೆ ಲೆಕ್ಕ ತೋರಿಸಬಹುದು. ಆದ್ರೆ ನಗದು ಕೊಟ್ರೆ ಸಿಗಲ್ಲ. ಚೆಕ್ಕು, ಕಾರ್ಡು, ಯುಪಿಐ, ಯಾವುದಾದ್ರೂ ಸರಿ.

ಮನೆಮದ್ದು
4 ಏಪ್ರಿಲ್ 2020, ಸಂಜೆ 4:30

ನನ್ನ ಬೈಕ್ ಇನ್ಶೂರೆನ್ಸ್ ಏಪ್ರಿಲ್ 6ಕ್ಕೆ ಮುಗಿಯತ್ತೆ. ಅದಕ್ಕೂ 21ರವರೆಗೆ ಟೈಮಾ? (ಕಷಾಯದಲ್ಲಿ ಬೆಲ್ಲ ಬಿಟ್ಟಿದ್ದೀನಿ ಸಿಸ್ಟರ್.)

ವಿಮೆ ಮಾವ, ಮೈಸೂರು
4 ಏಪ್ರಿಲ್ 2020, ಸಂಜೆ 5:00

ಥರ್ಡ್ ಪಾರ್ಟಿ ಭಾಗಕ್ಕೆ ಮಾತ್ರ. ನಿಮ್ಮ ಬೈಕು ಕಳುವಾದ್ರೆ, ಮರ ಬಿದ್ದು ಜಜ್ಜಿ ಹೋದ್ರೆ ಈ ಆದೇಶ ಕಾಯಲ್ಲ. 6ಕ್ಕೇ ಕಟ್ಟಿ.

ಲೆಕ್ಕಿಗ, ಬಸವನಗುಡಿ
16 ಏಪ್ರಿಲ್ 2020, ಬೆಳಿಗ್ಗೆ 9:30

ಲಾಕ್‌ಡೌನ್ ಮೇ 3ರವರೆಗೆ ಹೋದ ಹಾಗೆ ಇದೂ ಹೋಯ್ತು. ಮಾರ್ಚ್ 25ರಿಂದ ಮೇ 3ರ ಒಳಗಿನ ರಿನ್ಯೂವಲ್‌ಗೆ ಮೇ 15ರವರೆಗೆ ಕಟ್ಟಬಹುದು. ಷರತ್ತು ಹಳೇದೇ.

ಕೊಬ್ಬರಿ ಹುಡುಗ, ತಿಪಟೂರು
18 ಏಪ್ರಿಲ್ 2020, ಬೆಳಿಗ್ಗೆ 6:10

ರಾತ್ರಿಯೆಲ್ಲಾ ನಿದ್ದೆ ಇಲ್ಲ. ನಿನ್ನೆ ಸಂಜೆ ಅಪ್ಪನಿಗೆ ಚಳಿ, 102 ಜ್ವರ. ಅಕ್ಕಪಕ್ಕದವರಿಗೆ ಗೊತ್ತಾದ್ರೆ ಏನಂತಾರೋ ಅಂತ ಅಮ್ಮ ಬಾಗಿಲು ಹಾಕಿಬಿಟ್ರು. ಕೆಮ್ಮಿಲ್ಲ. ಕೈ ಮೇಲೆ ಸೀಲು ಹೊಡೆದು ಮನೆ ಮುಂದೆ ಪೋಸ್ಟರ್ ಅಂಟಿಸ್ತಾರೆ ಅಂತ ಅವರಿಗೆ ಹೆದರಿಕೆ. ಸಿಸ್ಟರ್, ಏನು ಮಾಡ್ಲಿ?

ತಾಲೂಕು ಆಸ್ಪತ್ರೆ ಸಿಸ್ಟರ್
18 ಏಪ್ರಿಲ್ 2020, ಬೆಳಿಗ್ಗೆ 6:25

ಪೋಸ್ಟರ್ ಅಂಟಿಸಿದ್ರೆ ಅಂಟಿಸಲಿ. ಮಾಸ್ಕ್ ಹಾಕಿಸಿ ಈಗಲೇ ಫೀವರ್ ಕ್ಲಿನಿಕ್‌ಗೆ ಕರ್ಕೊಂಡು ಹೋಗು. ಮೂತ್ರಕ್ಕೆ ಹೋಗುವಾಗ ಉರಿ ಇದೆಯಾ ಕೇಳು. ಶುಗರ್ ನೋಡಿಸು. ಶುಗರ್ ಇರೋರಿಗೆ ಜ್ವರ ಬಂದ್ರೆ ಎಲ್ಲಾ ಕೊರೋನಾನೇ ಆಗಿರಬೇಕು ಅಂತೇನಿಲ್ಲ. ಕೊರೋನಾ ಅಂತ ಹೆದರಿ ಮನೇಲಿ ಇಟ್ಕೊಂಡ್ರೆ ಬೇರೆ ಯಾವುದೋ ಪ್ರಾಣಕ್ಕೆ ಬರತ್ತೆ.

ಕೊಬ್ಬರಿ ಹುಡುಗ, ತಿಪಟೂರು
20 ಏಪ್ರಿಲ್ 2020, ರಾತ್ರಿ 8:00

ಸ್ವ್ಯಾಬ್ ನೆಗೆಟಿವ್. ಮೂತ್ರದ ಸೋಂಕು ಅಂತೆ, ಇಂಜೆಕ್ಷನ್ ಕೊಟ್ರು, ಜ್ವರ ಇಳೀತು. ಮೂರು ದಿನದಿಂದ ಹೇಳದೇ ಮುಚ್ಚಿಟ್ಟಿದ್ರಂತೆ ಅಪ್ಪ. ಸಿಸ್ಟರ್, ನಿಮ್ಮನ್ನ ಮರೆಯಲ್ಲ.

ಇನ್ನೊಂದು. 18ನೇ ತಾರೀಖು ಕ್ಲಿನಿಕ್ ಮುಂದೆ ನಿಂತಿದ್ದಾಗ ಟೈಮ್ ಇದೆ ಅನ್ನೋ ಧೈರ್ಯ ಎಲ್ಲಾ ಹೋಯ್ತು. ಅಲ್ಲಿಂದಲೇ ಚಿಕ್ಕಪ್ಪನಿಗೆ ಫೋನ್ ಮಾಡಿ 20,000 ಇಸ್ಕೊಂಡು, ಅಲ್ಲೇ ನಿಂತು ಕಟ್ಟಿದೆ.

ವಿಮೆ ಮಾವ, ಮೈಸೂರು
20 ಏಪ್ರಿಲ್ 2020, ರಾತ್ರಿ 8:30

ದೇವರು ದೊಡ್ಡವನು. ಗಡುವು ಅನ್ನೋದು ಕಟ್ಟೋಕೆ ಆಗದೇ ಇರೋರಿಗೆ. ಕಟ್ಟೋಕೆ ಆಗೋರು ಅದನ್ನ ರಜೆ ಅಂದ್ಕೊಂಡು ಕೂತ್ರೆ, ಕೊನೇ ದಿನ ಸರ್ವರ್ ಡೌನ್ ಆದಾಗ ನನಗೇ ಫೋನ್ ಬರೋದು.

ವಿಮೆ ಮಾವ, ಮೈಸೂರು
22 ಏಪ್ರಿಲ್ 2020, ಬೆಳಿಗ್ಗೆ 11:00

ನಿನ್ನೆ ಬಂದ ಸುದ್ದಿ: ಆರೋಗ್ಯ ವಿಮೆ ಪ್ರೀಮಿಯಂನ ತಿಂಗಳ, ಮೂರು ತಿಂಗಳ, ಆರು ತಿಂಗಳ ಕಂತಲ್ಲಿ ತಗೋಬಹುದು ಅಂತ ಐಆರ್‌ಡಿಎಐ ಕಂಪನಿಗಳಿಗೆ ಒಪ್ಪಿಗೆ ಕೊಟ್ಟಿದೆ. ಕೊಡಲೇಬೇಕು ಅಂತಲ್ಲ, ನಿಮ್ಮ ಕಂಪನೀನ ಕೇಳಿ. ಒಟ್ಟಿಗೆ 28,000 ಹೊಂದಿಸೋಕೆ ಆಗದೇ ಪಾಲಿಸಿ ಬಿಡೋ ಯೋಚನೆ ಇದ್ದೋರು ದಯವಿಟ್ಟು ಬಿಡಬೇಡಿ. ಕಂತು ತಪ್ಪಿಸಿದ್ರೆ ಮತ್ತೆ ಅದೇ ಕಥೆ, ಅದನ್ನೂ ನೆನಪಿಟ್ಕೊಳ್ಳಿ.

ಜೀವವಿಮೆಯವರಿಗೆ: ಮಾರ್ಚ್, ಏಪ್ರಿಲ್‌ನಲ್ಲಿ ಬಾಕಿ ಬಿದ್ದ ಪ್ರೀಮಿಯಂಗೆ ಗ್ರೇಸ್ ಮೇಲೆ 30 ದಿನ ಹೆಚ್ಚಿಗೆ ಇದೆ. ಜೀವವಿಮೆಯಲ್ಲಿ ಗ್ರೇಸ್ ಒಳಗೆ ಪಾಲಿಸಿದಾರರು ತೀರಿಕೊಂಡ್ರೂ ಬಾಕಿ ಪ್ರೀಮಿಯಂ ಮುರ್ಕೊಂಡು ಉಳಿದದ್ದು ಕೊಡ್ತಾರೆ. ಆರೋಗ್ಯ ವಿಮೆಗೂ ಇದಕ್ಕೂ ಇರೋ ದೊಡ್ಡ ವ್ಯತ್ಯಾಸ ಇದೇ. ಜನ ಎರಡನ್ನೂ ಕಲಸಿಕೊಂಡು ಗೊಂದಲ ಮಾಡ್ಕೋತಾರೆ.

ದುಬೈ ಕುಂದಾಪ್ರ
13 ಮೇ 2020, ಬೆಳಿಗ್ಗೆ 5:50

ನಿನ್ನೆಯ ಮಂಗಳೂರು ವಿಮಾನದಲ್ಲಿ ಬಂದೆ. ಈಗ ಕ್ವಾರಂಟೈನ್ ಹೋಟೆಲಲ್ಲಿ. ಕಿಟಕಿಯಿಂದ ಮಳೆ ವಾಸನೆ ಬರ್ತಾ ಉಂಟು. ಇಷ್ಟೇ ಹೇಳ್ಲಿಕ್ಕೆ ಬಂದದ್ದು.

ಗಿರಮಿಟ್, ಹುಬ್ಬಳ್ಳಿ
19 ಜುಲೈ 2020, ರಾತ್ರಿ 9:00

ಕೊರೋನಾ ಕವಚ ಅಂತ ಹೊಸಾ ಪಾಲಿಸಿ ಬಂದೈತಂತ, ರಕ್ಷಕ ಅಂತ ಇನ್ನೊಂದು. ಯಾವದು ತಗೋಬೇಕ್ರಿ? ನನಗ ಮೆಡಿಕ್ಲೇಮ್ ಐತಿ, ಆದ್ರ ತಮ್ಮಗ ಏನೂ ಇಲ್ಲ.

ವಿಮೆ ಮಾವ, ಮೈಸೂರು
19 ಜುಲೈ 2020, ರಾತ್ರಿ 9:45

ತಮ್ಮನಿಗೆ ಕವಚ ಮಾಡಿಸಿ. ಆಸ್ಪತ್ರೆ ಬಿಲ್ಲು ಎಷ್ಟಾಯ್ತೋ ಅಷ್ಟು ಕೊಡತ್ತೆ, 50,000ದಿಂದ 5 ಲಕ್ಷದವರೆಗೆ. ಪಿಪಿಇ ಕಿಟ್, ಗ್ಲೌಸು, ಆಕ್ಸಿಜನ್ ಎಲ್ಲಾ ಅದ್ರೊಳಗೇ ಬರತ್ತೆ. ವೈದ್ಯರು ಹೇಳಿದ್ರೆ ಮನೇಲೇ 14 ದಿನದ ಚಿಕಿತ್ಸೆಗೂ ಕೊಡತ್ತೆ. ರಕ್ಷಕ ಬೇರೆ ಥರ: ಪಾಸಿಟಿವ್ ಆಗಿ ಕನಿಷ್ಠ 72 ಗಂಟೆ ಆಸ್ಪತ್ರೆಯಲ್ಲಿದ್ರೆ ಬಿಲ್ಲು ನೋಡದೆ ಒಟ್ಟಿಗೆ ದುಡ್ಡು ಕೊಟ್ಟುಬಿಡತ್ತೆ, ಹೆಚ್ಚೆಂದ್ರೆ 2.5 ಲಕ್ಷ. ಎರಡಕ್ಕೂ ಮೊದಲ 15 ದಿನ ಲೆಕ್ಕಕ್ಕಿಲ್ಲ. ಕೆಮ್ಮು ಶುರುವಾದ್ಮೇಲೆ ಫೋನ್ ಮಾಡಬೇಡಿ.

ಅವಧಿ ಮೂರೂವರೆ, ಆರೂವರೆ, ಒಂಬತ್ತೂವರೆ ತಿಂಗಳು. ಉದ್ದದ್ದೇ ತಗೊಳ್ಳಿ. ಆಸ್ಪತ್ರೇಲಿ ಕೆಲಸ ಮಾಡೋರಿಗೆ ಕವಚದಲ್ಲಿ ಶೇ 5 ಕಡಿಮೆ. ಸಿಸ್ಟರ್, ಕೇಳಿಸ್ತಾ?

ಆಶಾ ಕಾರ್ಯಕರ್ತೆ, ಹಾವೇರಿ ಜಿಲ್ಲೆ
19 ಜುಲೈ 2020, ರಾತ್ರಿ 10:30

ಶೇ 5 ಕಡಿಮೆ ಆದ್ರೂ ಕಟ್ಟಾಕ ರೊಕ್ಕ ಬೇಕಲ್ರೀ ಮಾವಾರ. ಹತ್ತನೇ ತಾರೀಖಿನಿಂದ ಮುಷ್ಕರದಾಗ ಅದೀವಿ, ತಿಂಗಳಿಗೆ 12,000 ಗೌರವಧನ ಕೊಡ್ರಿ ಅಂತ. ಮನಿ ಮನಿ ತಿರುಗಿ ಯಾರಿಗೆ ಜ್ವರ ಅಂತ ಬರಕೊಂಡು ಬರೂದು ನಾವ. ಸರ್ಕಾರದ್ದು 50 ಲಕ್ಷದ ವಿಮೆ ಐತಿ ನಮಗ, ಪ್ರೀಮಿಯಂ ಇಲ್ಲ, ಖರೆ. ಆದ್ರ ಅದು ಸತ್ತ ಮ್ಯಾಲಿನ ಮಾತು. ಇದ್ದಾಗ ಮಾಸ್ಕ್ ಕೊಡ್ರಿ ಅಂದ್ರ ವಾರಕ್ಕೊಂದು ಕೊಟ್ಟಾರ.

ತಾಲೂಕು ಆಸ್ಪತ್ರೆ ಸಿಸ್ಟರ್
20 ಜುಲೈ 2020, ಬೆಳಿಗ್ಗೆ 6:00

ಅಕ್ಕಾ, ನಮ್ಮಲ್ಲೂ ಅದೇ ಗತಿ. ಬಟ್ಟೆ ಮಾಸ್ಕ್ ಎರಡು ಮೂರು ಪದರದ್ದು ನಾಲ್ಕು ಹೊಲಿಸ್ಕೊಳ್ಳಿ, ದಿನಾ ಸೋಪು ನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಒದ್ದೆಯಾದ ಮಾಸ್ಕ್ ಕೆಲಸಕ್ಕೆ ಬರಲ್ಲ, ಮಳೆಗಾಲ ಬೇರೆ. ಮಾತಾಡುವಾಗ ಮಾಸ್ಕ್ ಗದ್ದಕ್ಕೆ ಇಳಿಸೋರ ಎದುರು ಎರಡು ಹೆಜ್ಜೆ ಹಿಂದೆ ನಿಂತ್ಕೊಳ್ಳಿ. ಅವರಿಗೆ ಬುದ್ಧಿ ಹೇಳ್ತಾ ನಿಂತ್ರೆ ನಾವೇ ಹತ್ರ ಹೋಗಿರ್ತೀವಿ.

ವಿಮೆ ಮಾವ, ಮೈಸೂರು
12 ಆಗಸ್ಟ್ 2020, ಮಧ್ಯಾಹ್ನ 3:00

ಎಲ್‌ಐಸಿ ಪಾಲಿಸಿ ಲ್ಯಾಪ್ಸ್ ಮಾಡ್ಕೊಂಡಿರೋರು ಗಮನಿಸಿ. ಆಗಸ್ಟ್ 10ರಿಂದ ಅಕ್ಟೋಬರ್ 9ರವರೆಗೆ ಮತ್ತೆ ಜೀವ ಕೊಡಿಸೋ ಅಭಿಯಾನ ನಡೀತಿದೆ, ತಡದ ಶುಲ್ಕದಲ್ಲಿ ರಿಯಾಯಿತಿ ಇದೆ. ಮೊದಲು ಕಟ್ಟದೇ ಬಿಟ್ಟ ಕಂತಿನಿಂದ ಐದು ವರ್ಷ ಆಗಿರಬಾರದು. ವೈದ್ಯಕೀಯ ತಪಾಸಣೆ ಕೇಳಿದ್ರೆ ಅದನ್ನ ಮಾಡಿಸಲೇಬೇಕು, ಅದ್ರಲ್ಲಿ ರಿಯಾಯಿತಿ ಇಲ್ಲ. ಟರ್ಮ್ ಪಾಲಿಸಿಗೆ (ತೀರಿಕೊಂಡ್ರೆ ಮಾತ್ರ ದುಡ್ಡು ಕೊಡೋದು) ಇದು ಬರಲ್ಲ.

ಕೊಬ್ಬರಿ ಹುಡುಗ, ತಿಪಟೂರು
24 ಅಕ್ಟೋಬರ್ 2020, ರಾತ್ರಿ 7:30

ಆಯ್ತು, ನಮ್ಮ ಮನೆಗೂ ಬಂತು. ಅಪ್ಪ, ಅಮ್ಮ, ನಾನು ಮೂವರೂ ಪಾಸಿಟಿವ್. ಅಮ್ಮ ನಾನು ಮನೇಲೇ ಗೆದ್ವಿ. ಅಪ್ಪನಿಗೆ ಆಕ್ಸಿಜನ್ 91ಕ್ಕೆ ಇಳೀತು, ತುಮಕೂರಿನ ಒಂದು ಖಾಸಗಿ ಆಸ್ಪತ್ರೇಲಿ ಆರು ದಿನ ಇದ್ರು. ನಿನ್ನೆ ಮನೆಗೆ ಬಂದ್ರು, ಸೋತಿದ್ದಾರೆ, ಆದ್ರೆ ಟಿವಿ ರಿಮೋಟ್ ಕೇಳ್ತಿದ್ದಾರೆ.

ಬಿಲ್ಲು 1,48,000. ಕಂಪನಿ 1,17,000 ಕೊಡ್ತು, 31,000 ನಾವು ಕಟ್ಟಿದ್ವಿ. ಕಾರಣ ಕೇಳಿದ್ರೆ ಪಿಪಿಇ, ಗ್ಲೌಸು, ತ್ಯಾಜ್ಯ ವಿಲೇವಾರಿ, ಇವೆಲ್ಲಾ ‘ಕನ್ಸ್ಯೂಮಬಲ್ಸ್’, ಪಾಲಿಸೀಲಿ ಬರಲ್ಲ ಅಂದ್ರು. ಆರು ದಿನಕ್ಕೆ 54 ಕಿಟ್ ಲೆಕ್ಕ ಹಾಕಿದ್ದಾರೆ. ನಮ್ಮಪ್ಪನನ್ನ ನೋಡೋಕೆ ದಿನಕ್ಕೆ ಒಂಬತ್ತು ಜನ ಬರ್ತಿದ್ರಾ? ಅಪ್ಪ ಹೇಳೋ ಪ್ರಕಾರ ಮೂರು.

ಲೆಕ್ಕಿಗ, ಬಸವನಗುಡಿ
24 ಅಕ್ಟೋಬರ್ 2020, ರಾತ್ರಿ 8:10

ಅಪ್ಪ ಬಂದರಲ್ಲ, ಅದು ಮುಖ್ಯ. ಬಿಲ್ಲನ್ನ ಪ್ರಶ್ನಿಸಿ. ಒಬ್ಬ ನರ್ಸ್ ಒಂದು ಕಿಟ್ ಹಾಕ್ಕೊಂಡು ಇಡೀ ವಾರ್ಡು ಸುತ್ತುತ್ತಾರೆ. ಆ ಒಂದೇ ಕಿಟ್ಟನ್ನ ಹತ್ತು ರೋಗಿಗಳ ಬಿಲ್ಲಲ್ಲೂ ಹಾಕೋದು ಹೊಸದೇನಲ್ಲ. ದಿನವಾರು ಪಟ್ಟಿ ಲಿಖಿತವಾಗಿ ಕೇಳಿ.

ಜೂನ್‌ನಲ್ಲಿ ರಾಜ್ಯ ಸರ್ಕಾರ ಜೇಬಿಂದ ಕಟ್ಟೋ ರೋಗಿಗಳಿಗೆ ದರ ಕಟ್ಟಿತ್ತು: ದಿನಕ್ಕೆ ಸಾಮಾನ್ಯ ವಾರ್ಡಿಗೆ 10,000, ಎಚ್‌ಡಿಯುಗೆ (ವಾರ್ಡಿಗೂ ಐಸಿಯುಗೂ ನಡುವಿನ ಘಟಕ) 12,000, ವೆಂಟಿಲೇಟರ್ ಇಲ್ಲದ ಐಸಿಯುಗೆ 15,000, ಇದ್ರೆ 25,000. ವಿಮೆ ಇರೋರಿಗೆ ಆಸ್ಪತ್ರೆ ಮತ್ತು ಕಂಪನಿ ನಡುವಿನ ಒಪ್ಪಂದದ ದರ. ಆದ್ರೂ ಎದುರಿಗಿಟ್ಟು ಮಾತಾಡೋಕೆ ಆ ಪಟ್ಟಿ ಚೆನ್ನಾಗಿ ಕೆಲಸ ಮಾಡತ್ತೆ.

ಕೊಬ್ಬರಿ ಹುಡುಗ, ತಿಪಟೂರು
9 ನವೆಂಬರ್ 2020, ಬೆಳಿಗ್ಗೆ 10:00

ಪಟ್ಟಿ ಕೇಳಿದೆ. ಎರಡು ವಾರ ಓಡಾಡಿಸಿದ್ರು. ಕೊನೆಗೆ 54 ಹೋಗಿ 22 ಆಯ್ತು, 17,600 ವಾಪಸ್ ಬಂತು. ಚಿಕ್ಕಪ್ಪನ ಸಾಲದ ಬಾಕಿ ತೀರಿತು.

ಗಿರಮಿಟ್, ಹುಬ್ಬಳ್ಳಿ
26 ಏಪ್ರಿಲ್ 2021, ರಾತ್ರಿ 11:15

ಮಾವಾರ, ಎಚ್ಚರ ಅದೀರೇನು? ತಮ್ಮನ ಕವಚ ಹೋದ ವರ್ಷ ಜುಲೈ 20ಕ್ಕ ಮಾಡಿಸಿದ್ದು. 285 ದಿನ ಅಂದ್ರ ಈ ತಿಂಗಳ ಕೊನೀಗೆ ಮುಗೀತೈತಿ. ನಾಳೆಯಿಂದ ಮತ್ತ ಲಾಕ್‌ಡೌನ್. ಈಗ ನೋಡ್ರಿ ಕೊರೋನಾ ಹೆಂಗ ಏರಾಕತ್ತೈತಿ.

ವಿಮೆ ಮಾವ, ಮೈಸೂರು
26 ಏಪ್ರಿಲ್ 2021, ರಾತ್ರಿ 11:20

ಎಚ್ಚರಾನೇ, ಯಾರಿಗೆ ನಿದ್ದೆ. ಅವಧಿ ಮುಗಿಯೋ ಮೊದಲು ರಿನ್ಯೂ ಮಾಡಿದ್ರೆ ಮತ್ತೆ 15 ದಿನ ಕಾಯೋದಿಲ್ಲ. ಮುಗಿದ ಮೇಲೆ ಹೊಸದು ತಗೊಂಡ್ರೆ ಕಾಯಬೇಕು. ಈ ಹದಿನೈದು ದಿನ ಯಾರಿಗೂ ಬೇಡ. ನಾಳೆ ಅನ್ನಬೇಡಿ, ಈಗಲೇ.

ಗಿರಮಿಟ್, ಹುಬ್ಬಳ್ಳಿ
26 ಏಪ್ರಿಲ್ 2021, ರಾತ್ರಿ 11:48

ಆತ್ರಿ. ಈ ಸಲ ಹನ್ನೊಂದು ದಿನ ಕುಂಡ್ರಲಿಲ್ಲ.

ತಾಲೂಕು ಆಸ್ಪತ್ರೆ ಸಿಸ್ಟರ್
6 ಮೇ 2021, ಬೆಳಗಿನ ಜಾವ 4:30

ನಿನ್ನೆ ರಾಜ್ಯದಲ್ಲಿ ಒಂದೇ ದಿನ ಹೊಸ ಕೊರೋನಾ ಕೇಸು 50,000 ದಾಟಿತು. ಉದ್ದ ಬರೆಯೋಕೆ ಆಗ್ತಿಲ್ಲ, ಬೇಕಾದ್ದಷ್ಟೇ ಹೇಳ್ತೀನಿ.

ಆಕ್ಸಿಮೀಟರ್ ಹಾಕೋ ಮೊದಲು ಐದು ನಿಮಿಷ ಸುಮ್ಮನೆ ಕೂರಿಸಿ. ಬೆರಳು ತಣ್ಣಗಿದ್ರೆ ಉಜ್ಜಿ ಬಿಸಿ ಮಾಡಿ. ಮೆಹಂದಿ, ನೇಲ್ ಪಾಲಿಶ್ ಇದ್ರೆ ತಪ್ಪು ತೋರಿಸತ್ತೆ. ಆಮೇಲೆ ಮನೆಯೊಳಗೇ ಆರು ನಿಮಿಷ ನಡೆಸಿ ಮತ್ತೆ ನೋಡಿ. ಕೂತಾಗ 96 ಇದ್ದದ್ದು ನಡೆದ ಮೇಲೆ 92 ಆದ್ರೆ ಅವರು ಚೆನ್ನಾಗಿಲ್ಲ, ನಗ್ತಾ ಮಾತಾಡ್ತಿದ್ರೂ ಚೆನ್ನಾಗಿಲ್ಲ. 94ಕ್ಕಿಂತ ಕೆಳಗೆ ಬಂದ್ರೆ 1912 ಸಹಾಯವಾಣಿಗೋ ನಿಮ್ಮ ಜಿಲ್ಲೆಯ ವಾರ್ ರೂಮಿಗೋ (ಹಾಸಿಗೆ ಹಂಚೋ ಕೊರೋನಾ ಕೇಂದ್ರ) ಫೋನ್ ಮಾಡಿ. ಹಾಸಿಗೆ ಸಿಗೋವರೆಗೆ ಬೋರಲು ಮಲಗಿಸಿ. ಹೊಟ್ಟೆ ತುಂಬಾ ಊಟ ಮಾಡಿದ ತಕ್ಷಣ ಬೇಡ, ಬಸುರಿಯರಿಗೆ ಬೇಡ.

ಸ್ಟೀರಾಯ್ಡ್ ಮಾತ್ರೆ ಮೆಡಿಕಲ್ ಶಾಪಿಂದ ನೀವಾಗೇ ತರಬೇಡಿ. ಆಕ್ಸಿಜನ್ ಚೆನ್ನಾಗಿರೋರಿಗೆ ಅದು ಕೆಡುಕೇ ಮಾಡೋದು. ಶುಗರ್ ಮೇಲೇರತ್ತೆ, ಆಮೇಲೆ ಕಣ್ಣು ಮೂಗಿಗೆ ಕಪ್ಪು ಶಿಲೀಂಧ್ರ.

ವಿಮೆ ಇದ್ರೆ, ಅಡ್ಮಿಟ್ ಆಗುವಾಗಿನ ಆಕ್ಸಿಜನ್ ಎಷ್ಟಿತ್ತು ಅಂತ ಕೇಸ್ ಶೀಟಲ್ಲಿ ಬರೆಸಿ. ‘ಮನೇಲೇ ಆಗ್ತಿತ್ತು’ ಅಂತ ಕ್ಲೇಮ್ ವಾಪಸ್ ಆಗಿರೋರು ನಮ್ಮಲ್ಲೇ ಬಂದು ಆ ಹಾಳೆಗೆ ಅಲೀತಿದ್ದಾರೆ.

ಮನೆಮದ್ದು
6 ಮೇ 2021, ಬೆಳಿಗ್ಗೆ 7:00

ಸಿಸ್ಟರ್, ನೀವು ಊಟ ಮಾಡಿದ್ರಾ?

ಆಶಾ ಕಾರ್ಯಕರ್ತೆ, ಹಾವೇರಿ ಜಿಲ್ಲೆ
14 ಜೂನ್ 2021, ಸಂಜೆ 5:30

ನಮ್ಮ ಊರಾಗ ಈ ಸಲ ಏಳು ಮಂದಿ ಹೋದ್ರು. ಅದ್ರಾಗ ಒಬ್ಬಾಂವ 38 ವರ್ಷದಾಂವ, ಗಾರೆ ಕೆಲಸ. ಹೆಂಡತಿ, ಇಬ್ಬರು ಮಕ್ಕಳು. ವಿಮೆ ಗಿಮೆ ಏನೂ ಇಲ್ಲ ಅಂತ ಅಕಿ ಅಳತಿದ್ಲು. ಮಾವಾರ, ಇಂಥವರಿಗೆ ಏನೂ ದಾರಿ ಇಲ್ಲೇನ್ರಿ?

ವಿಮೆ ಮಾವ, ಮೈಸೂರು
14 ಜೂನ್ 2021, ಸಂಜೆ 5:50

ಅವರ ಬ್ಯಾಂಕ್ ಪಾಸ್‌ಬುಕ್ ಎಂಟ್ರಿ ಮಾಡಿಸಿ. ಹೋದ ವರ್ಷ ಮೇ ಕೊನೆ, ಜೂನ್ ಶುರು ಆಸುಪಾಸಲ್ಲಿ 330 ರೂಪಾಯಿ ಕಟ್ ಆಗಿದೆಯಾ ನೋಡಿ. ಆಗಿದ್ರೆ ಅದು ಪ್ರಧಾನಮಂತ್ರಿ ಜೀವನಜ್ಯೋತಿ. ಸಾವು ಹೇಗೇ ಬಂದಿರಲಿ, ನಾಮಿನಿಗೆ 2 ಲಕ್ಷ. ಜನಧನ ಖಾತೆ ತೆರೆಯುವಾಗ ಫಾರಂ ಮೇಲೆ ಸೈನ್ ಹಾಕಿಸಿರ್ತಾರೆ, ಎಷ್ಟೋ ಜನಕ್ಕೆ ತಾವು ವಿಮೆ ಮಾಡಿಸಿದ್ದೇ ಗೊತ್ತಿರಲ್ಲ. 12 ರೂಪಾಯಿ ಕಟ್ ಆಗಿರೋದು ಬೇರೆ, ಅದು ಅಪಘಾತಕ್ಕೆ ಮಾತ್ರ, ಕೊರೋನಾಗೆ ಬರಲ್ಲ.

ಲೆಕ್ಕಿಗ, ಬಸವನಗುಡಿ
14 ಜೂನ್ 2021, ಸಂಜೆ 6:15

ತೀರಿಕೊಂಡವರು ಪಿಎಫ್ ಇರೋ ಕಡೆ ಕೆಲಸದಲ್ಲಿದ್ರೆ ಇಡಿಎಲ್ಐ ಅಂತ ಇನ್ನೊಂದು ವಿಮೆ ತಾನಾಗೇ ಇರತ್ತೆ. ಕಾರ್ಮಿಕರ ಸಂಬಳದಿಂದ ಒಂದು ಪೈಸೆ ಕಟ್ ಆಗಿರಲ್ಲ, ಮಾಲೀಕರೇ ಕಟ್ಟೋದು. ಏಪ್ರಿಲ್‌ನಲ್ಲಿ ಅದರ ಮೇಲ್ಮಿತಿ 6 ಲಕ್ಷದಿಂದ 7 ಲಕ್ಷ ಮಾಡಿದ್ದಾರೆ. ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಮನೆಗಳಲ್ಲಿ ಇದನ್ನ ಮರೀದೇ ಕೇಳಿ. ಇವರದ್ದು ಗಾರೆ ಕೆಲಸ ಅಂದ್ರೆ ಅದು ಇರಲಿಕ್ಕಿಲ್ಲ. ಮನೆಗೆ ದುಡಿದು ಹಾಕೋರನ್ನ ಕಳ್ಕೊಂಡ ಬಿಪಿಎಲ್ ಕುಟುಂಬಕ್ಕೆ ರಾಜ್ಯದಿಂದ 1 ಲಕ್ಷ ಅಂತ ಇವತ್ತೇ ಘೋಷಣೆ ಆಗಿದೆ. ಅರ್ಜಿ ಸಿದ್ಧ ಮಾಡಿಡಿ, ಪಾಸಿಟಿವ್ ರಿಪೋರ್ಟು ಕಳೀಬೇಡಿ.

ಆಶಾ ಕಾರ್ಯಕರ್ತೆ, ಹಾವೇರಿ ಜಿಲ್ಲೆ
16 ಜೂನ್ 2021, ಮಧ್ಯಾಹ್ನ 2:40

ಕಟ್ ಆಗೈತ್ರಿ! 2020ರ ಮೇ 30ಕ್ಕ, 330. ನಾಮಿನಿ ಅಕೀನ. ಬ್ಯಾಂಕಿನಾಗ ಫಾರಂ ಕೊಟ್ಟಾರ. ಮರಣ ಪತ್ರ, ಆಧಾರ್, ಪಾಸ್‌ಬುಕ್ ಎಲ್ಲಾ ಕೂಡಿಸಿ ನಾನs ಕರಕೊಂಡು ಹೋಗಿದ್ದೆ.

ಆಶಾ ಕಾರ್ಯಕರ್ತೆ, ಹಾವೇರಿ ಜಿಲ್ಲೆ
22 ಜುಲೈ 2021, ಬೆಳಿಗ್ಗೆ 11:00

ಎರಡು ಲಕ್ಷ ಅಕಿ ಖಾತೆಗೆ ಬಂತ್ರಿ. ಈಗ ಕೇಳತಾಳ, ತನಗೂ ಆ 330ರದ್ದು ಆಗತೈತೇನು ಅಂತ. ವಯಸ್ಸು 34.

ವಿಮೆ ಮಾವ, ಮೈಸೂರು
22 ಜುಲೈ 2021, ಬೆಳಿಗ್ಗೆ 11:20

18ರಿಂದ 50ರ ಒಳಗಿದ್ರೆ ಆಗತ್ತೆ. ಬ್ಯಾಂಕಲ್ಲಿ ಫಾರಂ ತುಂಬಿಸಿ, ನಾಮಿನಿ ಮಕ್ಕಳಾದ್ರೆ ಪೋಷಕರ ಹೆಸರೂ ಬರೆಸಿ. ಅವಧಿ ಮುಗಿಯೋದು ಪ್ರತಿ ವರ್ಷ ಮೇ 31ಕ್ಕೆ. ಆ ವಾರ ಖಾತೇಲಿ ದುಡ್ಡಿದೆಯಾ ಅಂತ ನೋಡ್ಕೊಳ್ಳೋಕೆ ಹೇಳಿ. ನಂಜನಗೂಡು ಕಡೆ ಒಬ್ಬರ ಖಾತೇಲಿ ಆವತ್ತು 317 ಇತ್ತು.